ತ್ರಿಶಲಾ ಕೊಟ್ಟ ಹಾಲು

ಕುಡಿಯಲೋ, ಬೇಡವೋ?

ಲೋಟದಲ್ಲಿ ಹಾಲು. ಬಿಸಿ. ಏಲಕ್ಕಿಯ ಘಮ. ಕೊಟ್ಟವಳು ತ್ರಿಶಲಾ, ಐನಾಪುರದ ಬಾಪುಸಾಹೇಬರ ಕಿರಿಯ ಸೊಸೆ. ದಿನಾ ಸಂಜೆ ಅವಳು ಕೊಟ್ಟ ಹಾಲು ಕುಡಿದು ಎದ್ದು ನಿಂತರೆ ಸಾಕು, ಮುದುಕ ಬಾಪುಸಾಹೇಬರು ಧೊಪ್ಪನೆ ಬೀಳುತ್ತಿದ್ದರು. ವಿಷ ಹಾಕುತ್ತಾಳೆ ಎಂದು ಮನೆಯವರೆಲ್ಲ ಹೇಳತೊಡಗಿದ್ದರು.

ನೀವೇ ಹೇಳಿ, ಕಳುವಾದ ಟ್ರ್ಯಾಕ್ಟರ್ ಹುಡುಕುವುದು ನನ್ನ ಧಂದೆ. ಹಾಲಿನ ರುಚಿ ನೋಡುವುದಲ್ಲ.

ಎದುರಿಗೆ ನನ್ನನ್ನು ಕರೆಸಿದ ಹಿರಿಯ ಮಗ ಜಿನೇಂದ್ರ. ಕೈಯಲ್ಲಿ ಕಬ್ಬು ಕಡಿಯುವ ಕೊಯ್ತಾ.

“ಕುಡೀರಿ ಮಾಳಸಿದ್ದಣ್ಣಾ. ನೀವು ಬಿದ್ರ ಆಕಿ ತವರಿಗೆ. ಜೀಪ್ ತಯಾರ ಐತಿ.”

“ನಾ ಬೀಳಲಿಲ್ಲಂದ್ರ?”

“ಇನ್ನೊಂದ ಲೋಟ ಕೊಡ್ತೀನಿ.”

ತ್ರಿಶಲಾ ಸುಮ್ಮನಿದ್ದಳು. ಸುಳ್ಳು ಹೇಳುವವರು ಬಹಳ ಮಾತಾಡುತ್ತಾರೆ. ಇವಳದು ಬೇರೆ ಜಾತಿಯ ಮೌನ... ಆದರೂ ಲೋಟ ತುಟಿಯ ತನಕ ಏರಲಿಲ್ಲ.

ಬೀದಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಾರ್ನ್ ಹೊಡೆಯಿತು. ಇಬ್ಬರೂ ಅತ್ತ ತಿರುಗಿದರು. ಮತ್ತೆ ಇತ್ತ ನೋಡಿದಾಗ ನಾನು ಖಾಲಿ ಲೋಟವನ್ನು ದಾಸವಾಳದ ಕುಂಡದ ಪಕ್ಕ ಇಟ್ಟು ಮೀಸೆ ಒರೆಸಿಕೊಳ್ಳುತ್ತಿದ್ದೆ.

“ಹಾಲು ಚಲೋ ಐತಿ. ಇದರ ಜೋಡಿ ಕಾಕಾ ಏನ ನುಂಗತಾರ?”

“ಬಿಪಿ ಗುಳಿಗಿ,” ಎಂದಳು ತ್ರಿಶಲಾ. “ಎರಡು.”

ಗುಳಿಗೆಗಳ ಫೋಟೋ ಹೊಡೆದುಕೊಂಡೆ. ಸಂಜೆಗೆ ಇನ್ನೂ ಹೊತ್ತಿತ್ತು. ಬೈಕ್ ಅಥಣಿಯ ಕಡೆ ಹಾರಿತು.

ಗುಳಿಗೆ ಬರೆದುಕೊಟ್ಟ ಡಾಕ್ಟರು ಮೊಬೈಲ್ ನೋಡಿದರು.

“ಎರಡೂ ರಕ್ತನಾಳ ಹಿಗ್ಗಸೂ ಗುಳಿಗಿ. ನಾಳ ಹಿಗ್ಗಿದ್ರ ಒತ್ತಡ ಇಳೀತೈತಿ. ಇದು ಮುಂಜಾನಿಗೆ. ಈ ಇನ್ನೊಂದು ರಾತ್ರಿ ನುಂಗಿ ಮಲಗಿಬಿಡಬೇಕು. ನುಂಗಿ ಎದ್ದು ನಿಂತ್ರ ತಲಿ ತಿರಗತೈತಿ.”

ರಾತ್ರಿ...

ಬಾಪುಸಾಹೇಬರು ವ್ರತ ಹಿಡಿದ ಜೈನರು. ಹೊತ್ತು ಮುಳುಗಿದ ಮೇಲೆ ನೀರೂ ಮುಟ್ಟುವವರಲ್ಲ. ಮುಂಜಾನೆ ಬಸದಿಯ ಪೂಜೆ ಮುಗಿಯುವ ತನಕ ಬಾಯಿಗೆ ಏನೂ ಹಾಕುವವರಲ್ಲ, ಆಮೇಲೆ ನೇರ ಹೊಲಕ್ಕೆ. ಹಾಗಾದರೆ ಎರಡೂ ಗುಳಿಗೆ ಒಳಗೆ ಹೋಗುವುದು ಯಾವಾಗ?

ಕಿಟಕಿಯಾಚೆ ಸೂರ್ಯ ಕಬ್ಬಿನ ಸುಳಿಯತ್ತ ಇಳಿಯತೊಡಗಿದ್ದ.

ಐನಾಪುರಕ್ಕೆ ಫೋನ್ ಹಚ್ಚಿದೆ. ಯಾರೂ ಎತ್ತಲಿಲ್ಲ.

ಬೈಕ್ ಓಡಿಸಿದೆ. ದಾರಿಯಲ್ಲಿ ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು, ರೈಲಿನ ಹಾಗೆ. ಒಂದರ ಕಬ್ಬು ನನ್ನ ಕೆನ್ನೆಗೆ ಬಾರಿಸಿತು. ಇನ್ನೊಂದರ ಡ್ರೈವರ್ ನನ್ನ ಹಿರಿಯರನ್ನೆಲ್ಲ ಮರಾಠಿಯಲ್ಲಿ ನೆನೆಸಿದ. ನಾನು ಸೂರ್ಯನನ್ನು ಮಾತ್ರ ನೋಡುತ್ತಿದ್ದೆ.

ಐನಾಪುರ. ಮುದುಕರ ಅಂಗೈಯಲ್ಲಿ ಎರಡು ಗುಳಿಗೆ. ಬಾಗಿಲಲ್ಲಿ ಜೀಪು, ಅದರಲ್ಲಿ ಆಗಲೇ ಏರಿಸಿದ ತ್ರಿಶಲಾಳ ಟ್ರಂಕು. ಮುದುಕರು ಇವತ್ತೂ ಬಿದ್ದರೆ ಸಾಕು, ಹೊರಡುವುದೇ.

“ನಿಲ್ರಿ ಕಾಕಾ. ಎರಡೂ ಕೂಡೇ ಬ್ಯಾಡ.”

“ಸರಿ ಅತ್ತಾಗ. ಹೊತ್ತ ಮುಳಗಾಕತ್ತೈತಿ.”

“ಇವನ್ನ ನುಂಗಿ ಲಗೂನ ಬಸದಿ ಆರತಿಗೆ ಏಳ್ತೀರಿ, ಹೌದಲ್ರಿ? ಕಾಲುವಿ ಅಗಲ ಆದ್ರ ದಿಬ್ಬದ ಹೊಲಕ್ಕ ನೀರು ಏರತೈತೇನು?”

“ಎಲ್ಲಿಂದ ಏರತೈತಿ?”

“ನಿಮ್ಮ ತಲಿ ದಿಬ್ಬದ ಹೊಲ ಐತ್ರಿ.”

ಮುದುಕರು ಅಂಗೈ ನೋಡಿಕೊಂಡರು.

“ರಾತ್ರಿ ಏನೂ ಮುಟ್ಟೂದಿಲ್ಲಂತ ಡಾಕ್ಟರಿಗೆ ಹೇಳಬಾರದೇನ್ರಿ?”

“ಅವರು ಕೇಳಲಿಲ್ಲ.”

ಡಾಕ್ಟರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಇವತ್ತಿಗೆ ಮುಂಜಾನೆಯದೊಂದೇ ಸಾಕು, ನಾಳೆ ಕರೆತನ್ನಿ, ವ್ರತಕ್ಕೆ ಹೊಂದುವ ಹಾಗೆ ಬದಲಿಸೋಣ ಎಂದರು.

ಬಾಪುಸಾಹೇಬರು ಒಂದೇ ಗುಳಿಗೆ ನುಂಗಿದರು. ತ್ರಿಶಲಾಳ ಕಡೆ ಕೈ ಚಾಚಿದರು. ಹಾಲು ಕುಡಿದರು. ಎದ್ದು ನಿಂತರು.

ಮನೆಯೆಲ್ಲ ಉಸಿರು ಹಿಡಿದಿತ್ತು.

“ಏನ ಬಾಯಿ ತಕ್ಕೊಂಡ ನೋಡತೀರಿ? ಆರತಿಗೆ ತಡ ಆಗತೈತಿ.”

ನೆಟ್ಟಗೆ ನಡೆದು ಹೋದರು. ಜಿನೇಂದ್ರ ಟ್ರಂಕನ್ನು ಕೆಳಗಿಳಿಸಿದ.

ತ್ರಿಶಲಾ ಬಾಗಿಲ ತನಕ ಬಂದಳು. ಮೊದಲ ಸಲ ಅವಳ ಕಣ್ಣು ತುಂಬಿತ್ತು.

“ಅಣ್ಣಾ, ಮಾವಾರನ್ನ ಬಿಟ್ರ ಈ ಮನ್ಯಾಗ ನೀವೊಬ್ರ ನನ್ನ ನಂಬಿ ಹಾಲು ಕುಡದ್ರಿ.”

ನಾನು ಬೈಕಿಗೆ ಕಿಕ್ ಹೊಡೆದೆ.

ಆ ಹಾಲು ಕುಡಿದದ್ದು ದಾಸವಾಳದ ಗಿಡ ಎಂದು ಅವಳಿಗೆ ನಾನು ಹೇಳಲೇ ಇಲ್ಲ.