ಜಾಲಿಸದ ಫ್ಲಾಸ್ಕ್

“ಏನೋ, ಲಾಸ್ ಏಂಜಲೀಸ್ ಬಿಟ್ಟಾಗಿಂದ ಮಾತೇ ಇಲ್ಲ? ಟಾಕ್ ಕೊಡೋಳು ನಾನಾ, ನೀನಾ?” ಗಗನಾ ಓರೆಗಣ್ಣಿನಿಂದ ನೋಡಿ ನಕ್ಕಳು.

ಗುರುಕಿರಣ ನಗಲಿಲ್ಲ. ಆ ನೋಟಕ್ಕಾಗಿ ಒಂದೇ ಲ್ಯಾಬಿನಲ್ಲಿ ಎರಡು ವರ್ಷ ಕಾದವನು, ಇವತ್ತು ಅದನ್ನು ಎದುರಿಸಲಾರದೆ ರಸ್ತೆ ನೋಡುತ್ತಾ ಕಾರು ಓಡಿಸುತ್ತಿದ್ದ.

ಎಣ್ಣೆಮರಳಿಗೆ ಬಿಸಿನೀರು ಸುರಿದು, ಚೂರು ರಾಸಾಯನಿಕ ಬೆರೆಸಿ ಕುಲುಕಿದರೆ, ಮರಳಿಗಂಟಿದ ಡಾಂಬರಿನಂಥ ಬಿಟುಮೆನ್ ಬಿಟ್ಟುಕೊಂಡು ತೇಲುತ್ತದೆ. ಗಗನಾಳ ಹೊಸ ರಾಸಾಯನಿಕ ನೂರಕ್ಕೆ ತೊಂಬತ್ತಾರು ಪಾಲು ಬಿಡಿಸಿತ್ತು. ಮಧ್ಯಾಹ್ನ ಸ್ಯಾನ್ ಡಿಯಾಗೋದ ಸಮ್ಮೇಳನದಲ್ಲಿ ಅವಳು ಹೇಳಬೇಕಿದ್ದದ್ದು ಅದನ್ನೇ.

ಆದರೆ ಆ ಫ್ಲಾಸ್ಕ್‌ಗಳನ್ನು ತೊಳೆದವನು ಗುರುಕಿರಣ. ಅಂಟು ಉಜ್ಜಿ ಉಜ್ಜಿ ಅವಳ ಬೆರಳು ಬಿರಿದದ್ದನ್ನು ನೋಡಲಾರದೆ, ಅವಳು ಬರುವ ಮುಂಚೆಯೇ ಗುಟ್ಟಾಗಿ ತೊಳೆದಿಡುತ್ತಿದ್ದ; ಲ್ಯಾಬಿನ ಸಹಾಯಕರ ಕೆಲಸವೆಂದೇ ಅವಳು ತಿಳಿದಿದ್ದಳು. ಸೋಪು ಧಾರಾಳ, ಜಾಲಿಸುವಾಗ ಮಾತ್ರ ಅವಸರ. ನಿನ್ನೆ ಯಾಕೋ ಅನುಮಾನ ಬಂದು, ಅಂಥದೊಂದು ಫ್ಲಾಸ್ಕಿನಲ್ಲಿ ಬರೀ ಬಿಸಿನೀರು, ಎಣ್ಣೆಮರಳು ಹಾಕಿ ಕುಲುಕಿದ. ಬಿಟುಮೆನ್ ತೇಲಿ ಬಂತು. ಅವಳ ರಾಸಾಯನಿಕದ ಕೆಲಸವನ್ನು ಉಳಿದ ಸೋಪೇ ಮಾಡಿತ್ತು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದ.

ಕಾರ್ಲ್ಸ್‌ಬಾಡ್‌ನಲ್ಲಿ ಕಾಫಿಗೆ ನಿಂತಾಗ ಎಲ್ಲವನ್ನೂ ಹೇಳಿದ.

“ಯಾಕೋ ತೊಳ್ದೆ? ನಾನ್ ಕೇಳಿದ್ನಾ?”

“ನಿನ್ ಕೈ ನೋಡಕ್ಕಾಗ್ತಿರ್ಲಿಲ್ಲ ಕಣೇ. ನೀನಂದ್ರೆ... ತುಂಬಾ ಇಷ್ಟ ನಂಗೆ.”

“ಅದನ್ನ ಹೇಳಕ್ಕೆ ಇವತ್ತೇ ಆಗ್ಬೇಕಿತ್ತಾ!”

ಅವಳ ಕಣ್ಣು ತುಂಬಿತು. ಮುಂದಿನ ದಾರಿಯಿಡೀ ಲ್ಯಾಪ್‌ಟಾಪ್ ತೆರೆದು ಸ್ಲೈಡುಗಳನ್ನು ಅಳಿಸುತ್ತಾ ಕೂತಳು. ಮೂರು ತಿಂಗಳ ಅವಳ ಶ್ರಮ ಒಂದೊಂದಾಗಿ ಮಾಯವಾಗುವುದನ್ನು ಅವನು ಓರೆಯಾಗಿ ನೋಡಿದ.

ವೇದಿಕೆಯ ಮೇಲೆ ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು: ಫ್ಲಾಸ್ಕ್‌ಗಳಲ್ಲಿ ಸೋಪು ಉಳಿದಿತ್ತು, ಆ ಅಂಕಿಯನ್ನು ನಂಬಬೇಡಿ. ತೊಳೆದವರು ಯಾರೆಂದು ಯಾರೋ ಕೇಳಿದರು. ಪ್ರಯೋಗ ನನ್ನದು, ತಪ್ಪೂ ನನ್ನದೇ ಎಂದಳು. ಹಿಂದಿನ ಸಾಲಿನಲ್ಲಿ ಗುರುಕಿರಣ ತಲೆ ತಗ್ಗಿಸಿದ. ಎಲ್ಲರೆದುರು ಬೈದಿದ್ದರೂ ಅವನಿಗೆ ಇಷ್ಟು ನೋಯುತ್ತಿರಲಿಲ್ಲ.

ಪಾರ್ಕಿಂಗ್‌ನಲ್ಲಿ ಕಾರಿನ ಕೀ ಚಾಚಿದ. “ನೀನು ಕಾರ್ ತಗೊಂಡ್ ಹೋಗು. ನಾನು ಟ್ರೇನಲ್ಲಿ ಬರ್ತೀನಿ. ನನ್ ಮುಖ ನೋಡೋದೂ ಬೇಡ ನಿಂಗೆ.”

ಅವಳು ಕೀ ಮುಟ್ಟಲಿಲ್ಲ. ಬಿರುಕಿನ ಗುರುತು ಇನ್ನೂ ಮಾಸದ ಬೆರಳುಗಳಿಂದ ಅವನ ಮಣಿಕಟ್ಟು ಹಿಡಿದಳು.

“ನಲವತ್ತು ಫ್ಲಾಸ್ಕ್ ಮತ್ತೆ ತೊಳೀಬೇಕು. ತಪ್ಪಿಸ್ಕೊಂಡ್ ಹೋಗಕ್ಕೆ ಬಿಡ್ತೀನಾ? ನೀನ್ ಉಜ್ಜು, ನಾನ್ ಜಾಲಿಸ್ತೀನಿ.”

“ಕೋಪ ಇಲ್ವಾ?”

“ಇದೆ. ಬೇಕಾದಷ್ಟಿದೆ. ನಿನ್ ಪಕ್ಕ ಕೂತ್ಕೊಂಡೇ ಕೋಪ ಮಾಡ್ಕೋತೀನಿ. ಡ್ರೈವ್ ಮಾಡು.”