ಹದಿನೇಳನೇ ನಂಬರಿನ ಮರಿ

ಏಪ್ರಿಲ್ 9, ಬೆಳಿಗ್ಗೆ 8.20. ನೆವಾಡಾದ ಸೇಜ್‌ವೆಲ್ ಠಾಣೆ. ಎಪ್ಪತ್ತೊಂದರ ಆರ್ಲೀನ್ ಗೋಫ್, ಕುರಿ ಸಾಕುವವಳು, ಹಿಕ್ಕೆ ಮೆತ್ತಿದ ಬೂಟಿನಲ್ಲೇ ಒಳನುಗ್ಗಿದಳು.

"ನಿನ್ನೆ ಸಂಜೆ 7.40ಕ್ಕೆ ಮತ್ತೆ ಆ ದೀಪ ಆಕಾಶದಲ್ಲಿ ಹಾರ್ತು. ಇವತ್ತು ಇಪ್ಪತ್ತಾರು ತಾಯಿ ಕುರಿ ಇಲ್ಲ, ಮರಿಗಳು ಮಾತ್ರ ಹಿಂದೆ ಉಳಿದಿವೆ. ಬರ್ಕೊಳ್ರಿ."

ಶೆರಿಫ್ ಡ್ವೈಟ್ ಕಿಸಕ್ಕನೆ ನಕ್ಕ. "ಏನಜ್ಜಿ, ಹಾರೋ ತಟ್ಟೆಯವರಿಗೂ ಮಟನ್ ಬೇಕಂತಾ? ಊರೊಳಗೆ ಒಬ್ರಿಗೂ ಕಾಣ್ಸಲ್ಲ, ನಿಮ್ ಬಯಲು ಕಡೆಯವರಿಗೇ ಕಾಣ್ಸುತ್ತೆ! ಕಣ್ಣಿನ ಭ್ರಮೆ ಅಂತ ಸಹಿ ಹಾಕಿ ಹೋಗಿ."

"ಹಾಕಿದ್ರೆ ನನ್ ಕುರಿಗಳ ಕತೆ ಮುಗೀತು. ಹಾಕಲ್ಲ, ಏನ್ಮಾಡ್ತೀಯೋ ಮಾಡ್ಕೊ! ಊರೋರು ನೀವು ಟೀವಿ ಮುಂದೆ ಬಿದ್ದಿರ್ತೀರ. ಹೊರಗೆ ಬಂದ್ರೂ ಬೀದಿದೀಪ ಬಿಟ್ರೆ ಏನ್ ಕಾಣುತ್ತೆ? ನಾನು ಮರಿ ಹಾಕೋ ಕಾಲದಲ್ಲಿ ಎರಡು ಗಂಟೆಗೊಂದ್ಸಲ ಬಯಲಲ್ಲಿ ನಿಂತಿರ್ತೀನಿ."

ಡೆಪ್ಯುಟಿ ರೂಬೆನ್ ಲುಹಾನ್‌ಗೆ ಮಾತು ನಾಟಿತು. ಶೆರಿಫ್ ಗುರಾಯಿಸಿದರೂ ದೂರು ಬರೆದುಕೊಂಡ. ಬೀರುವಿನಿಂದ 'ಹುಚ್ಚು' ಎಂಬ ಕಡತ ತೆಗೆದ. ಆ ತಿಂಗಳ ಹನ್ನೊಂದು ದೂರುಗಳೂ ಬಯಲಿನವರದೇ. ಯಾರು ಎಲ್ಲಿ ನಿಂತು, ದೀಪ ಯಾವ ದಿಕ್ಕಿಗೆ ಇಳಿದದ್ದನ್ನು ಕಂಡರೋ ಹಾಗೆ ನಕ್ಷೆಯಲ್ಲಿ ಗೆರೆ ಎಳೆದ. ಎಲ್ಲವೂ ಕ್ಲೈಡ್ ಹಾರ್ಮನ್ ಎಂಬವನ ದೊಡ್ಡಿಯಲ್ಲಿ ಕೂಡಿದವು.

ಮಧ್ಯಾಹ್ನ 2.15ಕ್ಕೆ ಹಾರ್ಮನ್‌ನ ದೊಡ್ಡಿಯಲ್ಲಿ ತಪಾಸಣೆ. ಆರ್ಲೀನ್ ತಾಯಿಗೂ ಮರಿಗೂ ಒಂದೇ ನಂಬರನ್ನು ಬಣ್ಣದಲ್ಲಿ ಬರೆಯುತ್ತಿದ್ದಳು. ಆದರೆ ದೊಡ್ಡಿಯ ಕುರಿಗಳ ಉಣ್ಣೆಯನ್ನೆಲ್ಲ ಆಗಲೇ ಕತ್ತರಿಸಿಯಾಗಿತ್ತು.

"ಎಲ್ಲಾ ನನ್ನವೇ. ನಂಬರ್ ತೋರ್ಸು ನೋಡೋಣ," ಎಂದ ಹಾರ್ಮನ್.

ಆರ್ಲೀನ್ ಜೀಪಿನಲ್ಲಿ ತಂದಿದ್ದ ಮರಿಗಳಲ್ಲಿ ಒಂದನ್ನು ಇಳಿಸಿದಳು. ಪಕ್ಕೆಯ ಮೇಲೆ 17. ತಾಯಿಯನ್ನು ಕಳೆದುಕೊಂಡಿದ್ದ ಅದು ಅರಚುತ್ತ ಓಡಿತು. ನಾಲ್ಕು ಕುರಿಗಳು ಗುದ್ದಿ ಅಟ್ಟಿದವು. ಐದನೆಯದು ಮೂಸಿ ನೋಡಿ ಮೊಲೆ ಕೊಟ್ಟಿತು.

"ಬೇರೆಯವರ ಮರಿಗೆ ಯಾವ ಕುರೀನೂ ಹಾಲು ಬಿಡಲ್ಲ ಕಣೋ. ಬಣ್ಣ ಕತ್ತರಿಸ್ದೆ, ತಾಯಿ ಮೂಗು ಕತ್ತರಿಸೋಕಾಯ್ತಾ?"

ಉಳಿದ ಮರಿಗಳೂ ತಂತಮ್ಮ ತಾಯಂದಿರನ್ನು ಹುಡುಕಿಕೊಂಡವು. ಕೊಟ್ಟಿಗೆಯಲ್ಲಿ ದೀಪ ಕಟ್ಟಿದ ಡ್ರೋನ್ ಸಿಕ್ಕಿತು. ಅದರಿಂದಲೇ ಹಾರ್ಮನ್ ಹಿಂಡನ್ನು ಬೆದರಿಸಿ ಅಟ್ಟಿಕೊಂಡು ಬಂದಿದ್ದ. 4.05ಕ್ಕೆ ಬಂಧನ.

"ಕುರಿ ಬೆದರ್ಸೋಕೆ ಸದ್ದೇ ಸಾಕಿತ್ತು. ದೀಪ ಯಾಕೆ?" ಠಾಣೆಯಲ್ಲಿ ರೂಬೆನ್ ಕೇಳಿದ.

"ದೀಪ ಕಂಡ್ರೆ ಜನ ನಿಮ್ಮತ್ರ ಬರ್ತಾರೆ. ನೀವು ನಗ್ತೀರ. ಕಳ್ಳನಿಗೆ ಇನ್ನೇನ್ ಬೇಕು? ಒಂಬತ್ತು ವರ್ಷದ ಹಿಂದೆ ನಾನೂ ಏನೋ ಕಂಡೆ, ಇಲ್ಲಿಗೇ ಬಂದು ಹೇಳ್ದೆ. ಊರೆಲ್ಲ 'ತಟ್ಟೆ ಹಾರ್ಮನ್' ಅಂತು. ಹೆಂಡ್ತಿ ತಲೆ ಎತ್ಕೊಂಡು ಓಡಾಡಕ್ಕಾಗ್ದೆ ಬಿಟ್ಟು ಹೋದ್ಲು. ನಮ್ ಮಾತು ನೀವು ಬರ್ಕೊಳ್ಳಲ್ಲ ಅಂತ ಅವತ್ತೇ ಕಲ್ತೆ."

ರೂಬೆನ್ ಕಡತದ ತಳ ಕೆದಕಿದ. ಹಾರ್ಮನ್‌ನ ದೂರು ಅಲ್ಲೇ ಇತ್ತು. ಅದರ ಮೇಲೆ 'ಹುಚ್ಚು' ಎಂದು ಗೀಚಿದ್ದ ಅಕ್ಷರ ರೂಬೆನ್‌ನದೇ. ಆಗ ಅವನು ಕೆಲಸಕ್ಕೆ ಸೇರಿ ಒಂದು ತಿಂಗಳಾಗಿತ್ತು.

ಲಾಕಪ್ಪಿನ ಕಂಬಿಯ ಮುಂದೆ ಕುರ್ಚಿ ಎಳೆದು ಕೂತು, ಹೊಸ ಹಾಳೆ ತೆಗೆದ.

"ಈಗ ಹೇಳು. ಅವತ್ತು ಏನ್ ಕಂಡೆ?"