ಒಬ್ಬರು ತೊಳೀರಿ, ಒಬ್ಬರು ಹಚ್ರಿ

ಬೂದ್ಯಾನ ಬೆನ್ನಿಗೆ ದಿನಾ ಅರಿಶಿನ ಹಚ್ಚುವವರು ಯಾರೆಂದು ತಿಳಿಯದೆ ಎರಡು ವಾರ ನನ್ನ ತಲೆ ಕೆಟ್ಟುಹೋಗಿತ್ತು.

ಬೂದ್ಯಾ ಅಂದರೆ ನಾಯಿ. ಹಗರಿಬೊಮ್ಮನಹಳ್ಳಿ ಲೈಬ್ರರಿಯ ಮೆಟ್ಟಿಲ ಮೇಲೆ ಕಜ್ಜಿ ಹತ್ತಿ, ಕೂದಲು ಉದುರಿ ಬಿದ್ದಿದ್ದ ಅನಾಥ. ನಾನು ಕ್ರಾಂತಿ, ಅದೇ ಲೈಬ್ರರಿಯ ಸಹಾಯಕಿ. ತೊಂಬತ್ತೆಂಟರ ಮಾತು. ಒಂಬತ್ತಕ್ಕೆ ಬೀಗ ತೆಗೆಯುವ ಮೊದಲು ಪಶು ಆಸ್ಪತ್ರೆಯ ಮುಲಾಮು ಹಚ್ಚುತ್ತಿದ್ದೆ. ಮರುದಿನ ನೋಡಿದರೆ ಮುಲಾಮು ಮಾಯ, ಬೆನ್ನು ತುಂಬ ಅರಿಶಿನ. ಅದನ್ನು ಒರೆಸಿ ಮತ್ತೆ ಮುಲಾಮು. ಹುಣ್ಣು ಮಾತ್ರ ದೊಡ್ಡದಾಗುತ್ತಲೇ ಇತ್ತು. ಹೀಗೇ ಬಿಟ್ಟರೆ ನಾಯಿ ಉಳಿಯುವುದಿಲ್ಲ ಅನ್ನಿಸಿ, ಅರಿಶಿನದ ಆಸಾಮಿಯನ್ನು ಹಿಡಿಯಲು ಒಂದು ದಿನ ಬೆಳಗ್ಗೆ ಐದೂವರೆಗೇ ಬಂದೆ.

ಖಾಕಿ ಪ್ಯಾಂಟು ಮೊಣಕಾಲಿಗೆ ಮಡಚಿದವರೊಬ್ಬರು ನನ್ನ ಮುಲಾಮನ್ನು ಬೇವಿನ ನೀರಿನಲ್ಲಿ ತಿಕ್ಕಿ ತೊಳೆಯುತ್ತಿದ್ದರು. ಹರಪನಹಳ್ಳಿ ಬಸ್ಸಿನ ಕಂಡಕ್ಟರ್ ಮಾರೇಶ್. ರಾತ್ರಿ ಇಲ್ಲೇ ಹಾಲ್ಟ್, ಆರಕ್ಕೆ ಬಸ್ಸು ಬಿಡಬೇಕು.

"ಯಾರೋ ಪುಣ್ಯಾತ್ಮರು ದಿನಾ ಏನೋ ಬಳದು ಹೋಗ್ತಾರ ನೋಡ್ರಿ," ಅಂದರು, ತಲೆ ಎತ್ತದೆ.

"ಆ ಪುಣ್ಯಾತ್ಮರು ನಾನೇ ಅದೀನ್ರಿ."

ಆಗ ತಲೆ ಎತ್ತಿದರು. ಕಣ್ಣು ಇಷ್ಟಗಲ. ಬೈಯಲೆಂದು ದಾರಿಯುದ್ದಕ್ಕೂ ಉರು ಹೊಡೆದು ಬಂದದ್ದೆಲ್ಲ ನನಗೆ ಮರೆತೇ ಹೋಯಿತು.

ಪಶು ಆಸ್ಪತ್ರೆಯ ಕಂಪೌಂಡರ್ ಬೆನಕಪ್ಪ ವಿಷಯ ಕೇಳಿ ಇಬ್ಬರಿಗೂ ಮಂಗಳಾರತಿ ಎತ್ತಿದರು. "ನಿಮ್ಮ ಜಿದ್ದಿನ್ಯಾಗ ನಾಯಿ ಸಾಯ್ತೈತಿ. ಒಬ್ಬರು ತೊಳೀರಿ, ಒಬ್ಬರು ಹಚ್ರಿ. ಇಬ್ಬರೂ ಕೂಡಿ ಮಾಡ್ರಿ."

ಹಾಗಾಗಿ ದಿನಾ ಐದೂವರೆ. ಅವರು ತೊಳೆಯುವುದು, ನಾನು ಹಚ್ಚುವುದು, ಅವರು ತಂದ ಬನ್ನನ್ನು ಬೂದ್ಯಾ ತಿನ್ನುವುದು. ಮುಲಾಮಿನ ಡಬ್ಬಿ ಕೊಡುವಾಗ ಬೆರಳು ತಾಗಿದರೆ ಇಬ್ಬರೂ ನಾಯಿಯ ಮುಖ ನೋಡುತ್ತಿದ್ದೆವು. ನಾಯಿ ನಮ್ಮ ಮುಖ ನೋಡುತ್ತಿತ್ತು. ಪುಸ್ತಕಗಳು ಇಷ್ಟು ಬೇಗ ಏಳುತ್ತವೇನು ಎಂದು ಅವ್ವ ಮನೆಯಲ್ಲಿ ಕೇಳಿದಳು. ನಾಯಿಗಾಗಿ ಹೋಗುತ್ತೇನೆ ಅಂದೆ. ನಾಯಿಗಾದರೆ ಮುಡಿಗೆ ಮಲ್ಲಿಗೆ ಯಾಕೆ ಎಂದಳು. ನಾನು ಚಪ್ಪಲಿ ಮೆಟ್ಟಿ ಹೊರಟೆ.

ಎರಡು ತಿಂಗಳಿಗೆ ಬೂದ್ಯಾನ ಮೈತುಂಬ ಕೂದಲು ಬಂತು. ಲೈಬ್ರರಿ ಎದುರು ತರಕಾರಿ ಮಾರುವ ತಂಬ್ರಹಳ್ಳಿಯ ದ್ಯಾಮಕ್ಕ, ತೋಟಕ್ಕೆ ನಾಯಿ ಬೇಕೆಂದು ಕೇಳಿದಳು. ಕರುಳಿರುವ ಹೆಂಗಸು, ಹೊಟ್ಟೆ ತುಂಬ ಹಾಕುತ್ತಾಳೆ. ಬೇಡ ಅನ್ನಲು ನಾನು ಮೂರು ಕಾರಣ ಹುಡುಕಿದೆ, ಮಾರೇಶ್ ನಾಲ್ಕು. ಒಂದೂ ನಿಲ್ಲಲಿಲ್ಲ. ದ್ಯಾಮಕ್ಕ ಗೋಣಿಚೀಲ ಕೊಟ್ಟು ಹೋದಳು. ತರುವಾಗ ನಾಯಿಯ ಕಣ್ಣಿಗೆ ದಾರಿ ಬೀಳಬಾರದಂತೆ. ಕಂಡರೆ ತಿರುಗಿ ಬಂದುಬಿಡುತ್ತದಂತೆ.

ಮಾರೇಶ್ ಅವರ ವಾರದ ರಜೆಯ ದಿನ ತಂಬ್ರಹಳ್ಳಿಗೆ ಹೊರಟೆವು. ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಅವರು, ತೊಡೆಯ ಮೇಲೆ ಚೀಲದಲ್ಲಿ ಬೂದ್ಯಾ. ಮುಂದೆ ಹೆಂಗಸರ ಸೀಟಿನಲ್ಲಿ ನಾನು. ಸುಮ್ಮನೆ ಅಳು ಬರುತ್ತಿತ್ತು. ನಾಯಿಗೋ, ನಾಳೆಯಿಂದ ಇಲ್ಲವಾಗುವ ಐದೂವರೆಗೋ ಒಂದೂ ತಿಳಿಯದು. ಕಣ್ಣೊರೆಸಿ ಹಿಂದೆ ತಿರುಗಿದರೆ ಚೀಲದ ಬಾಯಿ ಬಿಚ್ಚಿದೆ, ಬೂದ್ಯಾನ ತಲೆ ಕಿಟಕಿಗೆ ಬಂದಿದೆ. ಮಾರೇಶ್ ಅದರ ಕಿವಿಯಲ್ಲಿ ಏನೋ ಹೇಳುತ್ತ, ಹುಣಸೆಮರ, ಸೇತುವೆ, ಹಿಟ್ಟಿನ ಗಿರಣಿ ಎಲ್ಲವನ್ನೂ ಬೆರಳು ಮಾಡಿ ತೋರಿಸುತ್ತಿದ್ದಾರೆ.

ಎದ್ದು ಹೋಗಿ ಪಕ್ಕದಲ್ಲಿ ಕೂತೆ. ಇದೇನು ಎಂದು ಕೇಳಿದೆ. ನಾಯಿಗೆ ಧಗೆಯಾಗುತ್ತಿತ್ತು ಅಂದರು. ಇದು ಡಿಸೆಂಬರ್ ಅಂದೆ.

ಅವರು ಕಿಟಕಿಯ ಗಾಜು ಇನ್ನಷ್ಟು ಸರಿಸಿದರು. ಆಮೇಲೆ ನಾಯಿಗೇ ಹೇಳುವವರಂತೆ ಹೇಳಿದರು: "ಇದು ತಿರುಗಿ ಬಂದ್ರ ನೀವೂ ಮುಂಜಾನಿ ಬರ್ತೀರಿ ಅಂತ ತೋರಿಸಿದ್ನ್ರಿ. ಇದಿಲ್ಲಂದ್ರ ನಿಮ್ಮನ್ನ ಏನ್ ನೆಪ ಹೇಳಿ ಕರೀಲಿ?"

ಎರಡು ತಿಂಗಳು ಕಾಡಿದ ಗೊಂದಲ ಆ ಬಸ್ಸಿನಲ್ಲೇ ಮುಗಿಯಿತು. ನನಗೆ ಇವರು ಬೇಕಾಗಿತ್ತು, ಅಷ್ಟೇ.

ಬೂದ್ಯಾನ ತಲೆ ಸವರಿದೆ. ಮೆಲ್ಲಗೆ ಅದನ್ನು ಒಳಗೆ ಸೇರಿಸಿ ಚೀಲದ ಬಾಯಿ ಸಡಿಲವಾಗಿ ಕಟ್ಟಿದೆ. ಅವರ ಮುಖ ಬಾಡಿತು.

"ಅದು ದ್ಯಾಮಕ್ಕನ ಮನ್ಯಾಗ ಆರಾಮ ಇರ್ಲಿ ಬಿಡ್ರಿ," ಅಂದೆ. "ಅದಕ್ಕ್ಯಾಕ ದಾರಿ? ನಾನು ಬರ್ತೀನಲ್ಲ."

ಮರುದಿನ ಐದೂವರೆಗೆ ಮೆಟ್ಟಿಲ ಮೇಲೆ ನಾವಿಬ್ಬರೇ. ರೂಢಿಯಂತೆ ಅವರು ಬನ್ನು ತಂದಿದ್ದರು. ಮುರಿದು ದೊಡ್ಡ ತುಂಡು ನನಗೆ ಕೊಟ್ಟರು. ಆರರ ಬಸ್ಸು ಅಂದು ಹತ್ತು ನಿಮಿಷ ತಡವಾಗಿ ಹೊರಟಿತು.